ದೌಂಡದ ಪೇಟೆ: ಫಲಕವೂ ಬೇಕು, ಫೋನೂ ಬೇಕು

ಪುಣೆಯಿಂದ ಸೊಲ್ಲಾಪುರ, ಕಲಬುರಗಿ, ರಾಯಚೂರುಗಳ ಕಡೆಗೆ ಪ್ರಯಾಣ ಮಾಡಿದ ಕನ್ನಡಿಗರಲ್ಲಿ ದೌಂಡದ ಹೆಸರನ್ನು ಕೇಳದವರು ವಿರಳ. ದೌಂಡವನ್ನು ಕಂಡವರು ಅದಕ್ಕಿಂತಲೂ ವಿರಳ. ಗಾಡಿ ನಿಲ್ಲುತ್ತದೆ, ಚಹದವನ ಕೂಗು ಕೇಳುತ್ತದೆ, ಕಿಟಕಿಯಿಂದ ಕೈ ಚಾಚಿ ಒಂದು ಲೋಟ ಚಹ ತೆಗೆದುಕೊಳ್ಳುತ್ತೇವೆ, ಗಾಡಿ ಹೊರಡುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ದೌಂಡವೆಂದರೆ ಇಷ್ಟೇ. ನಿಲ್ದಾಣದ ಹೊರಗೆ ಒಂದು ಊರಿದೆ, ಆ ಊರಿಗೊಂದು ಪೇಟೆಯಿದೆ, ಆ ಪೇಟೆಯಲ್ಲಿ ನಮ್ಮ ಕಡೆಯವರೂ ಹೊಟ್ಟೆಯ ಪಾಡಿಗೆ ಅಂಗಡಿ ಹೂಡಿದ್ದಾರೆ ಎಂಬ ವಿಚಾರ ಮನಸ್ಸಿಗೆ ಬರುವುದೇ ಇಲ್ಲ. ಕಳೆದ ಚಳಿಗಾಲದಲ್ಲಿ ಎರಡು ದಿನ ರಜೆ ಕೂಡಿಬಂದಾಗ ನಾವು ಸಂಸಾರ ಸಮೇತರಾಗಿ ಅಲ್ಲಿಗೆ ಹೋಗಿ ಬಂದೆವು. ನೋಡಿದ್ದನ್ನೂ ಕೇಳಿದ್ದನ್ನೂ ವಾಚಕರ ಮುಂದೆ ಇಡುವುದು ಉಪಯುಕ್ತವೆಂದು ತೋರಿದ್ದರಿಂದ ಈ ನಾಲ್ಕು ಮಾತು.

ದೌಂಡವು ಪುಣೆಯ ಪೂರ್ವಕ್ಕೆ, ರೈಲಿನಲ್ಲಿ ಸುಮಾರು 75 ಕಿಲೋಮೀಟರ್ ದೂರದಲ್ಲಿ, ಭೀಮಾ ನದಿಯ ದಂಡೆಯ ಮೇಲಿದೆ. ಈ ಭೀಮೆಯೇ ಮುಂದೆ ಪಂಢರಪುರವನ್ನು ಮುಟ್ಟಿ, ಕಲಬುರಗಿಯ ಸೀಮೆಯಲ್ಲಿ ಹರಿದು, ರಾಯಚೂರಿನ ಕಡೆ ಕೃಷ್ಣೆಯನ್ನು ಕೂಡುತ್ತಾಳೆ. ಆದ್ದರಿಂದ ಇಲ್ಲಿಯ ದಂಡೆಯಲ್ಲಿ ನಿಂತು ನೀರನ್ನು ನೋಡುವ ಕನ್ನಡಿಗನಿಗೆ, ಊರಿಗೆ ಹೊರಟವರ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿದಷ್ಟು ಸಮಾಧಾನವಾಗುತ್ತದೆ. ಊರು ತಾಲ್ಲೂಕಿನ ಕೇಂದ್ರ. ಸುತ್ತಲೂ ಕಬ್ಬಿನ ಹೊಲಗಳು; ಹತ್ತಿರದಲ್ಲೇ ಕುರಕುಂಭದ ಕೈಗಾರಿಕಾ ವಸಾಹತು; ರಾಜ್ಯ ಮೀಸಲು ಪೊಲೀಸ್ ದಳದ ಎರಡು ತುಕಡಿಗಳ ಠಾಣ್ಯವೂ ಇಲ್ಲಿಯೇ. ನದಿಯ ಆಚೆಗೆ ಅಷ್ಟವಿನಾಯಕಗಳಲ್ಲಿ ಒಂದಾದ ಸಿದ್ಧಟೇಕವಿದೆ. ರೈಲಿನಲ್ಲಿ ಬರುವ ಯಾತ್ರಿಕರು ದೌಂಡದಲ್ಲೇ ಇಳಿದು ಅಲ್ಲಿಗೆ ಹೋಗಬೇಕು.

ಊರಿನ ಭಾಗ್ಯವೆಲ್ಲ ರೈಲಿನದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಗಳು 1858ರ ಸುಮಾರಿಗೆ ಪುಣೆಯಿಂದ ಈ ಕಡೆಗೆ ಬಂದವು. 1871ರಲ್ಲಿ ಅವೇ ರಾಯಚೂರಿನಲ್ಲಿ ಮದ್ರಾಸಿನ ಹಳಿಗಳನ್ನು ಕೂಡಿದವು. 1878ರಲ್ಲಿ ದೌಂಡದಿಂದ ಅಹಮದನಗರದ, ಅಂದರೆ ಈಗಿನ ಅಹಿಲ್ಯಾನಗರದ, ಮೇಲೆ ಮನಮಾಡಕ್ಕೆ ಕವಲು ದಾರಿಯಾಯಿತು. ಅಂದಿನಿಂದ ದೌಂಡವು ಜಂಕ್ಷನ್. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸೂ, ಮುಂಬಯಿ-ಬೆಂಗಳೂರು ಉದ್ಯಾನ್ ಎಕ್ಸ್‌ಪ್ರೆಸ್ಸೂ ಈ ದಾರಿಯಲ್ಲೇ ಓಡಾಡುತ್ತವೆ.

ಪುಣೆಯ ಕಡೆಯಿಂದ ಬಂದು ಮನಮಾಡದ ಕಡೆಗೆ ಹೋಗುವ ಗಾಡಿಗಳಿಗೆ ಮಾತ್ರ ಇಲ್ಲೊಂದು ವಿಚಿತ್ರ ತೊಡಕಿತ್ತು. ಅವು ದೌಂಡಕ್ಕೆ ಬಂದು, ಎಂಜಿನನ್ನು ಬಿಚ್ಚಿ ಹಿಂದಿನ ತುದಿಗೆ ಕಟ್ಟಿಕೊಂಡು, ಬಂದ ದಿಕ್ಕಿಗೇ ಹೊರಡಬೇಕಾಗಿತ್ತು. ಬೆಳಗಾವಿ, ಮಿರಜ, ಪುಣೆಗಳ ಮೇಲಿಂದ ದಿಲ್ಲಿಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತವರಿಗೆ ಈ ಅನುಭವ ಇದ್ದೇ ಇದೆ. ಎಂಜಿನ್ ತಿರುಗುವಷ್ಟು ಹೊತ್ತು ಪ್ರಯಾಣಿಕರಿಗೆ ಬೇಸರ, ಅಂಗಡಿಕಾರರಿಗೆ ಸುಗ್ಗಿ. ಗಾಡಿ ನಿಂತಿತೆಂದರೆ ಗಿರಾಕಿ ಬಂದನೆಂದೇ ಲೆಕ್ಕ. ಪ್ರಚಾರದ ಖರ್ಚೇ ಇಲ್ಲ. ರೈಲ್ವೆಯ ವೇಳಾಪಟ್ಟಿಯೇ ಜಾಹೀರಾತು.

ಇತ್ತೀಚಿನ ವರ್ಷಗಳಲ್ಲಿ ರೈಲ್ವೆಯವರು ಪುಣೆಯ ದಾರಿಯನ್ನೂ ಮನಮಾಡದ ದಾರಿಯನ್ನೂ ನೇರವಾಗಿ ಜೋಡಿಸುವ ಕಾರ್ಡ್ ಲೈನನ್ನು ಹಾಕಿ, ಅದರ ಮೇಲೆ ಬೇರೊಂದು ನಿಲ್ದಾಣವನ್ನೇ ಕಟ್ಟಿದರು. ಅನೇಕ ಗಾಡಿಗಳು ಈಗ ಹಳೆಯ ನಿಲ್ದಾಣಕ್ಕೆ ಬಾರದೆ ಹಾಗೆಯೇ ಮುಂದೆ ಸಾಗುತ್ತವೆ. ಪ್ರಯಾಣಿಕರ ಸಮಯ ಉಳಿಯಿತು. ಅದು ಆಗಬೇಕಾದ ಕೆಲಸವೇ ಸರಿ. ಆದರೆ ನಿಂತ ಗಾಡಿಯನ್ನು ನಂಬಿ ಒಲೆ ಹಚ್ಚಿದವರ ಗತಿಯೇನು?

ಇಂಥದು ದೌಂಡಕ್ಕೆ ಮಾತ್ರ ಬಂದ ಕಷ್ಟವಲ್ಲ. ನಮ್ಮ ಮದ್ದೂರನ್ನೇ ನೋಡಿರಿ. ಮದ್ದೂರು ವಡೆ 1917ರಲ್ಲಿ ಅಲ್ಲಿಯ ರೈಲ್ವೆ ನಿಲ್ದಾಣದಲ್ಲಿ ಹುಟ್ಟಿತೆಂದು ಪ್ರತೀತಿ. ಅದಕ್ಕೆ ಯಾರೂ ಡಂಗುರ ಸಾರಲಿಲ್ಲ. ಬೆಂಗಳೂರು-ಮೈಸೂರು ಗಾಡಿಯಲ್ಲಿ ತಿಂದವರ ನಾಲಗೆಯೇ ನಾಡಿಗೆಲ್ಲ ಸುದ್ದಿ ಮುಟ್ಟಿಸಿತು. ಮುಂದೆ ರಸ್ತೆಯ ಸಂಚಾರ ಹೆಚ್ಚಿದಂತೆ ಹೆದ್ದಾರಿಯ ಅಂಗಡಿಗಳು ಬೆಳೆದವು. 2023ರ ಮಾರ್ಚಿಯಲ್ಲಿ ಹೊಸ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಗಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಹೊರಗಿನಿಂದಲೇ ವಾಹನಗಳು ಓಡತೊಡಗಿದಾಗ, ಹಳೆಯ ರಸ್ತೆಯ ಉಪಾಹಾರಗೃಹದವರೂ ಬೊಂಬೆ ಮಾರುವವರೂ ವ್ಯಾಪಾರ ಕುಸಿಯಿತೆಂದು ಹಲುಬಿದರು. ವಡೆಯ ರುಚಿ ಕೆಡಲಿಲ್ಲ, ಬೊಂಬೆಯ ಬಣ್ಣ ಮಾಸಲಿಲ್ಲ. ಗಿರಾಕಿಯ ದಾರಿ ಮಾತ್ರ ಬದಲಾಯಿತು. ದಾರಿ ಬದಲಾದ ಗಿರಾಕಿಯನ್ನು ಮತ್ತೆ ಮುಟ್ಟುವುದು ಹೇಗೆ ಎಂಬುದೇ ಈ ಕಾಲದ ಸಣ್ಣ ವ್ಯಾಪಾರಿಯ ಮುಖ್ಯ ಪ್ರಶ್ನೆ.

ನಾವು ಇಳಿದುಕೊಂಡ ಮನೆಯವರಿಗೂ ಇದೇ ಪ್ರಶ್ನೆ. ಅವರು ಭೀಮಾ ತೀರದ ನಮ್ಮ ಕಡೆಯವರು. ನಿಲ್ದಾಣಕ್ಕೆ ಹತ್ತಿರದ ಓಣಿಯಲ್ಲಿ ಒಂದು ಸಣ್ಣ ಖಾನಾವಳಿ ನಡೆಸುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಮನೆಯೊಡತಿ ಬೆಳಗಿನ ನಾಲ್ಕು ಗಂಟೆಗೆ ರೊಟ್ಟಿ ಬಡಿಯಲು ಕೂಡುತ್ತಾರೆ. ಗಿರಾಕಿ ಕಡಿಮೆಯಾದಂದಿನಿಂದ ಕಟಕ ರೊಟ್ಟಿಯನ್ನೂ ಹಿಂಡಿಯನ್ನೂ ಪೊಟ್ಟಣ ಕಟ್ಟಿ ಮಾರಲು ಆರಂಭಿಸಿದ್ದಾರೆ. ಮಗಳ ಓದಿನ ಶುಲ್ಕ ಇದರಿಂದಲೇ ಹೊರಡಬೇಕು. ಪ್ರಚಾರಕ್ಕೆಂದು ಅವರು ಕೂಡಿಟ್ಟಿದ್ದು ಸ್ವಲ್ಪವೇ ಹಣ. ಅದನ್ನು ಯಾವುದಕ್ಕೆ ಹಾಕಬೇಕೆಂಬುದರಲ್ಲಿ ತಂದೆಗೂ ಮಗನಿಗೂ ಭಿನ್ನಾಭಿಪ್ರಾಯ. ಹಳೆಯ ತಗಡಿನ ಫಲಕವನ್ನು ದೊಡ್ಡದು ಮಾಡಿಸಬೇಕೆಂದು ತಂದೆ. ಫಲಕವೇಕೆ, ಎಲ್ಲವನ್ನೂ ಫೋನಿನಲ್ಲೇ ಮಾಡಬಹುದೆಂದು ಮಗ. ಸರಕಾರಿ ಕಚೇರಿಯಲ್ಲಿ ಕಾಗದ ಓದುವವರೆಂಬ ಕಾರಣಕ್ಕೆ ನಮ್ಮನ್ನು ಮಧ್ಯಸ್ಥರನ್ನಾಗಿ ಕೂಡಿಸಿದರು. ತೀರ್ಪು ಹೇಳುವುದಕ್ಕೆ ಮೊದಲು ಸ್ಥಳ ಪರಿಶೀಲನೆ ಆಗಬೇಕೆಂದು ನಾವು ಪೇಟೆಗೆ ಹೊರಟೆವು.

ದೌಂಡದ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಪ್ರಚಾರಕಲೆಯ ಇತಿಹಾಸವನ್ನೇ ಓದಿದಂತಾಗುತ್ತದೆ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಸಿಮೆಂಟಿನ, ಬೀಜದ ಹೆಸರುಗಳು. ಧ್ವನಿವರ್ಧಕ ಕಟ್ಟಿಕೊಂಡು ಸಾಗುವ ರಿಕ್ಷಾ. ಬಟ್ಟೆಯಂಗಡಿಯ ಪ್ಲಾಸ್ಟಿಕ್ ಪರದೆ. ಬೆಳಗಿನ ಮರಾಠಿ ಪತ್ರಿಕೆಯೊಳಗಿಂದ ಜಾರಿ ಬೀಳುವ ಕರಪತ್ರ. ಆಕಾಶವಾಣಿಯ ವಿವಿಧ ಭಾರತಿಯಲ್ಲಿ 1967ರ ನವೆಂಬರಿನಲ್ಲಿ ಮೊದಲಾಗಿ ಜಾಹೀರಾತು ಬಂದದ್ದೇ ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಿಂದ. ಆದ್ದರಿಂದ ಈ ಸೀಮೆಯವರಿಗೆ ಜಾಹೀರಾತನ್ನು ಕೇಳುವ ಅಭ್ಯಾಸ ಹಳೆಯದು. ಇವೆಲ್ಲದರ ನಡುವೆ ಪ್ರತಿಯೊಂದು ಗಲ್ಲಾಪೆಟ್ಟಿಗೆಯ ಮುಂದೆಯೂ ಕಪ್ಪು-ಬಿಳುಪು ಚೌಕುಳಿಯ ಕ್ಯೂಆರ್ ಚೀಟಿ ಅಂಟಿಸಿದ್ದಾರೆ. ಯುಪಿಐ ಹಣಪಾವತಿ 2016ರಲ್ಲಿ ಬಂತು. ಈಗ ಕೊತ್ತಂಬರಿ ಮಾರುವ ಮುದುಕಿಯ ಬುಟ್ಟಿಗೂ ಅದು ಬಂದು ಮುಟ್ಟಿದೆ.

ಇದೇ ತಾಲ್ಲೂಕಿನ ಕೇಡಗಾವದ ಹೆಸರನ್ನೂ ಇಲ್ಲಿ ನೆನೆಯಬೇಕು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅವರು ಕೇಡಗಾವದಲ್ಲಿ ಕಟ್ಟಿದ ಮುಕ್ತಿ ಸದನದಲ್ಲಿ ಅಚ್ಚುಕೂಟವಿತ್ತು. ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಅಲ್ಲಿಯ ಹೆಂಗಸರೇ. ಆ ಸಣ್ಣ ಹಳ್ಳಿಯಿಂದ ಮುದ್ರಿತ ಪತ್ರಿಕೆ, ವರದಿಗಳು ಕಡಲಾಚೆಯ ಸಹಾಯಕರಿಗೆ ಹೋಗುತ್ತಿದ್ದವು. ಇಂದು ನಾವು ಸಾಮಾಜಿಕ ಜಾಲತಾಣವೆಂದು ಕರೆಯುವುದರ ತಿರುಳು ಇದೇ ಅಲ್ಲವೆ? ನಾವು ಮಾಡುವ ಕೆಲಸವನ್ನು ನಮ್ಮ ಬಾಯಿಂದಲೇ, ನಮ್ಮನ್ನು ಬಲ್ಲವರಿಗೆ, ಬಿಡದೆ ತಿಳಿಸುತ್ತಿರುವುದು. ಸಾಧನ ಬದಲಾಗಿದೆ, ಸೂತ್ರ ಬದಲಾಗಿಲ್ಲ.

ಇನ್ನು ಮಗನ ವಾದವನ್ನು ಕೇಳೋಣ. ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಸಾಧನ 2018ರಲ್ಲಿ ಬಂತು. ಅದರಲ್ಲಿ ಅಂಗಡಿಯ ವಿಳಾಸ, ವೇಳೆ, ಪದಾರ್ಥಗಳ ಚಿತ್ರ, ಬೆಲೆ ಎಲ್ಲವನ್ನೂ ಇಡಬಹುದು. ಗೂಗಲ್ ನಕಾಶೆಯಲ್ಲಿ ಅಂಗಡಿಯನ್ನು ನಮೂದಿಸುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸಿದ್ಧಟೇಕಕ್ಕೆ ಹೊರಟ ಯಾತ್ರಿಕ ಊಟ ಎಲ್ಲಿ ಸಿಕ್ಕೀತೆಂದು ಇಂದು ಹುಡುಕುವುದು ಅಲ್ಲಿಯೇ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹಣ ಕೊಟ್ಟು ಜಾಹೀರಾತು ಹಾಕುವುದಾದರೆ, ಇಂಥ ಊರಿನ ಸುತ್ತ ಇಷ್ಟು ಕಿಲೋಮೀಟರಿನೊಳಗಿನವರಿಗೆ ಮಾತ್ರ ಕಾಣಲಿ ಎಂದು ಗೊತ್ತುಮಾಡಬಹುದು. ದಿನದ ಖರ್ಚಿಗೂ ಮಿತಿ ಹಾಕಬಹುದು. ಹುಡುಗನ ಮಾತೆಲ್ಲ ನಿಜವೇ.

ತಂದೆಯ ವಾದವೂ ಸುಳ್ಳಲ್ಲ. ತಗಡಿನ ಫಲಕವು ಹಗಲಿರುಳು ನಿಂತಲ್ಲೇ ನಿಂತಿರುತ್ತದೆ. ಅದಕ್ಕೆ ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ. ನಿತ್ಯವೂ ಪುಣೆಗೆ ಹೋಗಿ ಬರುವ ನೌಕರನು ಮುಂಜಾನೆ ಅದನ್ನು ನೋಡುತ್ತಾನೆ, ಸಂಜೆ ನೋಡುತ್ತಾನೆ. ನೂರು ಸಲ ನೋಡಿದ ಮೇಲೆ ಒಂದು ದಿನ ಹಸಿದು ಒಳಗೆ ಬರುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಫಲಕವಿರುವಲ್ಲಿ ಮನುಷ್ಯನಿದ್ದಾನೆ ಎಂಬ ಭರವಸೆ. ಫೋನಿನಲ್ಲಿ ಕಂಡ ಅಂಗಡಿ ನಾಳೆ ಮಾಯವಾಗಬಹುದು. ಓಣಿಯ ಅಂಗಡಿಯವನು ರೊಟ್ಟಿ ಕೆಟ್ಟಿತ್ತೆಂದರೆ ಎದುರಿಗೆ ಸಿಕ್ಕುತ್ತಾನೆ. ಅನ್ನದ ವ್ಯಾಪಾರದಲ್ಲಿ ಈ ಭರವಸೆಗೆ ಬೆಲೆ ಹೆಚ್ಚು.

ಹೀಗಿರುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂಬ ಜಗಳವೇ ಅನಾವಶ್ಯಕವೆಂದು ನಮಗೆ ತೋರಿತು. ಎರಡೂ ಒಂದನ್ನೊಂದು ತೋರಿಸುವಂತೆ ಮಾಡುವುದೇ ಜಾಣತನ. ಇದಕ್ಕೆ ಒಂದು ಸಣ್ಣ ಉದಾಹರಣೆ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಹಲವರಿಗೆ ಒಂದೇ ಸಂದೇಶವನ್ನು ಒಟ್ಟಿಗೆ ಕಳಿಸುವ ಪಟ್ಟಿ ಮಾಡಬಹುದಷ್ಟೆ. ಆದರೆ ಅಂಥ ಸಂದೇಶ ಮುಟ್ಟಬೇಕಾದರೆ, ಪಡೆಯುವವರು ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡಿರಬೇಕು. ಬರೆದಿಟ್ಟುಕೊಳ್ಳಿರೆಂದು ಅವರಿಗೆ ಹೇಳುವವರು ಯಾರು? ಫೋನು ಹೇಳಲಾರದು, ಫಲಕ ಹೇಳಬೇಕು, ಪೊಟ್ಟಣದ ಮೇಲಿನ ಚೀಟಿ ಹೇಳಬೇಕು, ರೊಟ್ಟಿ ಕಟ್ಟಿ ಕೊಡುವ ತಾಯಿಯ ಬಾಯಿ ಹೇಳಬೇಕು. ಕಾಗದ ಕೈಹಿಡಿದು ಕರೆತಂದ ಗಿರಾಕಿಯನ್ನು ಫೋನು ಉಳಿಸಿಕೊಳ್ಳುತ್ತದೆ. ಹಾಗೆಯೇ ಫೋನಿನಲ್ಲಿ ಹುಡುಕಿ ಬಂದವನು ಓಣಿಯ ಬಾಯಿಗೆ ನಿಂತು, ಚಿತ್ರದಲ್ಲಿ ಕಂಡ ಫಲಕ ಎಲ್ಲಿದೆಯೆಂದು ಕತ್ತೆತ್ತಿ ನೋಡುತ್ತಾನೆ. ಅಲ್ಲಿ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರ ಕಾಣದಿದ್ದರೆ ಪಕ್ಕದ ಅಂಗಡಿಗೆ ನಡೆಯುತ್ತಾನೆ.

ಆದ್ದರಿಂದ ನಾವು ಹೇಳಿದ್ದು ಇಷ್ಟು. ಫಲಕ ದೊಡ್ಡದಾಗಬೇಕಿಲ್ಲ, ಸ್ಪಷ್ಟವಾಗಿರಲಿ. 2024ರ ಮೇ 13ರಂದು ಮುಂಬಯಿಯ ಘಾಟಕೋಪರದಲ್ಲಿ ಭಾರೀ ಜಾಹೀರಾತು ಫಲಕವೊಂದು ಗಾಳಿಗೆ ಉರುಳಿ 17 ಜನ ತೀರಿಕೊಂಡದ್ದನ್ನು ಮರೆಯುವಂತಿಲ್ಲ. ಓಣಿಯ ಅಂಗಡಿಗೆ ಅಂಥ ಭಾರ ಬೇಡ. ರಸ್ತೆಯ ಕಡೆ ಚಾಚುವುದಾದರೆ ನಗರ ಪರಿಷತ್ತಿನ ಅನುಮತಿ ಮೊದಲು ಬೇಕು. ಅಕ್ಷರಗಳ ವಿಷಯದಲ್ಲಿಯೂ ಕಾನೂನಿದೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ 2017ರದು. ಅದಕ್ಕೆ 2022ರಲ್ಲಿ ಆದ ತಿದ್ದುಪಡಿಯಂತೆ ಸಣ್ಣ ಅಂಗಡಿಗಳೂ ಹೆಸರನ್ನು ದೇವನಾಗರಿಯಲ್ಲಿ ಮರಾಠಿಯಿಂದ ಬರೆಯಿಸಬೇಕು, ಬೇರೆ ಭಾಷೆಯ ಅಕ್ಷರಗಳು ಅದಕ್ಕಿಂತ ದೊಡ್ಡವಾಗಕೂಡದು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಪಾಲಿಸಲು ವ್ಯಾಪಾರಿಗಳಿಗೆ ಎರಡು ತಿಂಗಳ ಅವಧಿ ಕೊಟ್ಟಿತ್ತು. ನಮ್ಮ ಕರ್ನಾಟಕದಲ್ಲಿಯೂ 2024ರ ಕಾಯಿದೆ ನಾಮಫಲಕದ ಶೇಕಡಾ 60 ಭಾಗ ಕನ್ನಡವಿರಬೇಕೆನ್ನುತ್ತದೆ. ಅಲ್ಲಿ ನಾವು ಕೇಳುವುದನ್ನು ಇಲ್ಲಿ ಇವರು ಕೇಳಿದರೆ ಬೇಸರಪಡಬೇಕಾದ್ದಿಲ್ಲ. ಮೇಲೆ ಮರಾಠಿ, ಅದರ ಕೆಳಗೆ ಮಿತವಾದ ಅಕ್ಷರದಲ್ಲಿ ಕನ್ನಡ. ದಾರಿಹೋಕ ಕನ್ನಡಿಗನಿಗೆ ಆ ಒಂದು ಸಾಲು ಸಾಕು, ಮನೆ ಕಂಡಷ್ಟು ಹಿಗ್ಗುತ್ತಾನೆ.

ಫಲಕದ ಒಂದು ಮೂಲೆಯಲ್ಲಿ ಫೋನ್ ಸಂಖ್ಯೆ, ಪಕ್ಕದಲ್ಲಿ ವಾಟ್ಸ್‌ಆ್ಯಪ್ ತೆರೆಯುವ ಕ್ಯೂಆರ್ ಗುರುತು. ಪತ್ರಿಕೆ ಹಂಚುವವರ ಮೂಲಕ ವರ್ಷಕ್ಕೆ ಎರಡು ಸಲ ಮಾತ್ರ, ಸಂಕ್ರಾಂತಿಗೂ ದೀಪಾವಳಿಗೂ ಮುಂಚೆ, ಒಂದು ಕರಪತ್ರ. ಕರಪತ್ರದ ಅಂಚಿನಲ್ಲಿ ಒಂದು ತುಂಡು. ಅದನ್ನು ಕತ್ತರಿಸಿ ತಂದವರಿಗೆ ಹಿಂಡಿಯ ಸಣ್ಣ ಪೊಟ್ಟಣ ಉಚಿತ. ಇದರಿಂದ ಗಿರಾಕಿಯೂ ಬರುತ್ತಾನೆ, ಕರಪತ್ರ ಓದಿ ಬಂದವರೆಷ್ಟು ಎಂಬ ಲೆಕ್ಕವೂ ಸಿಕ್ಕುತ್ತದೆ. ಆಹಾರ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಅದನ್ನೇ ಫೋನಿನ ಪಟ್ಟಿಯಲ್ಲೂ ತೋರಿಸಿದರೆ ಕಾಣದ ಊರಿನ ಗಿರಾಕಿಗೂ ನಂಬಿಕೆ ಹುಟ್ಟುತ್ತದೆ.

ಕಚೇರಿಯಲ್ಲಿ ಬರುವ ಪ್ರತಿಯೊಂದು ಕಾಗದಕ್ಕೂ ಆವಕ ಸಂಖ್ಯೆ ಹಾಕುವುದು ನಮ್ಮ ಕುಲಕಸುಬು. ಅದೇ ಪದ್ಧತಿಯನ್ನು ಅಂಗಡಿಗೂ ತರಿಸಿದೆವು. ಒಂದು ನೂರು ಪುಟದ ನೋಟುಪುಸ್ತಕ. ನಾಲ್ಕು ಅಂಕಣ: ಫಲಕ, ಕರಪತ್ರ, ಫೋನು, ಬಾಯಿಮಾತು. ಹೊಸ ಗಿರಾಕಿ ಬಂದಾಗ "ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯಿತು?" ಎಂದು ನಗುತ್ತ ಕೇಳಿ ಒಂದು ಗೀಟು ಹಾಕುವುದು. ಇದಕ್ಕೆ ಕಾಸಿನ ಖರ್ಚಿಲ್ಲ. ತಿಂಗಳ ಕೊನೆಗೆ ಯಾವ ಅಂಕಣ ಬರಿದಾಗಿದೆಯೋ ಅಲ್ಲಿ ಹಣ ಹಾಕುವುದನ್ನು ನಿಲ್ಲಿಸಬೇಕು. ಫೇಸ್‌ಬುಕ್ಕಿನ ಜಾಹೀರಾತನ್ನು ಹೇಳಿದಷ್ಟು ಜನ ನೋಡಿದರೆಂದು ಫೋನು ತೋರಿಸಬಹುದು, ನೋಡಿದವರೆಲ್ಲ ತಿಂದವರಲ್ಲ. ನೋಟುಪುಸ್ತಕದ ಗೀಟು ಮಾತ್ರ ತಿಂದವರದು.

ಎರಡು ಎಚ್ಚರಿಕೆಯ ಮಾತನ್ನೂ ಹೇಳಿದೆವು. ಗುಂಪುಗಳಲ್ಲಿ ದಿನವೂ ಸಂದೇಶ ಸುರಿಯುವವನನ್ನು ಜನ ಬಾಗಿಲಿಗೆ ಬಂದ ಜಂಗುಳಿಯಂತೆ ಹೊರಗೆ ಹಾಕುತ್ತಾರೆ. ವಾರಕ್ಕೊಂದು, ಅದೂ ನಾಳೆ ಏನು ಮಾಡುತ್ತೇವೆಂಬ ಒಂದೇ ಸಾಲು, ಸಾಕು. ಇನ್ನೊಂದು, ಹಣದ ವಿಷಯ. ನಮಗೆ ಬರಬೇಕಾದ ಹಣಕ್ಕೆ ನಾವು ಗುಟ್ಟಿನ ಪಿನ್ ಒತ್ತಬೇಕಾದ್ದಿಲ್ಲ. ದೊಡ್ಡ ಬೇಡಿಕೆ ಕೊಡುತ್ತೇನೆಂದು ಫೋನು ಮಾಡಿ, ಮುಂಗಡ ಪಡೆಯಲು ಈ ಗುರುತನ್ನು ತೆರೆಯಿರೆನ್ನುವವನು ಗಿರಾಕಿಯಲ್ಲ, ಕಳ್ಳ. ಪರಸ್ಥಳದಲ್ಲಿ ಒಂಟಿಯಾಗಿ ವ್ಯಾಪಾರ ಮಾಡುವ ಹೆಣ್ಣುಮಕ್ಕಳು ಇದನ್ನು ಅವಶ್ಯ ನೆನಪಿಡಬೇಕು.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಸರಿ, ರೊಟ್ಟಿ ತೆಳ್ಳಗಾದರೆ ನಿಮ್ಮ ಫೋನು ಏನು ಮಾಡೀತು?" ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಿಂದೆ ರುಚಿ ಕೆಟ್ಟರೆ ಓಣಿಗಷ್ಟೇ ತಿಳಿಯುತ್ತಿತ್ತು. ಈಗ ಗೂಗಲ್ ನಕಾಶೆಯ ಕೆಳಗೆ ಬರೆದಿಡುತ್ತಾರೆ, ಅದನ್ನು ಸುಣ್ಣ ಬಳಿದು ಅಳಿಸಲಾಗದು. ಹಣ ಕೊಟ್ಟು ಒಳ್ಳೆಯ ಮಾತು ಬರೆಯಿಸುವವರಿದ್ದಾರೆ. ಅದು ಗಿರಾಕಿಗೆ ಮಾಡುವ ಮೋಸ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ದಂಡವೂ ಉಂಟು.

ಮೂರು ತಿಂಗಳ ಮೇಲೆ ಆ ಮನೆಯ ಮಗಳು ನೋಟುಪುಸ್ತಕದ ಪುಟಗಳ ಚಿತ್ರವನ್ನು ನಮಗೆ ಕಳಿಸಿದಳು. ನಿಂತ ಗಾಡಿಗಳ ಕಾಲದ ಭರಾಟೆ ಮರಳಿ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಆದರೆ ಗೀಟುಗಳು ಒಂದು ಕಥೆ ಹೇಳುತ್ತಿದ್ದವು. ಊಟಕ್ಕೆ ಬಂದ ಹೊಸಬರಲ್ಲಿ ಹೆಚ್ಚಿನವರು ಫಲಕ ನೋಡಿ ಬಂದವರು. ಪುಣೆಯಿಂದ ಪೊಟ್ಟಣ ತರಿಸಿಕೊಂಡವರು ಫೋನಿನವರು. ಆ ಪುಣೆಯವರಲ್ಲಿ ಅನೇಕರು ಮೊದಲೊಮ್ಮೆ ದೌಂಡದಲ್ಲಿ ಉಂಡು, ಚೀಟಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು ಹೋದವರೆಂದು ಆಕೆ ಪಕ್ಕದಲ್ಲಿ ಸಣ್ಣಗೆ ಬರೆದಿದ್ದಳು. ದೊಡ್ಡ ಫಲಕಕ್ಕೆಂದು ಇಟ್ಟ ಹಣದಲ್ಲಿ ಉಳಿದದ್ದು ಆಕೆಯ ಶುಲ್ಕಕ್ಕೆ ಸೇರಿತಂತೆ.

ನಮ್ಮ ಸಂಘದ ಕುಟುಂಬಗಳಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವ ತಾಯಂದಿರು, ಇಳಕಲ್ಲ ಸೀರೆ ತರಿಸಿ ಕೊಡುವ ಸೋದರಿಯರು ಇದ್ದಾರೆ. ಅವರಲ್ಲಿ ಕೆಲವರು ಫೋನನ್ನೇ ನಂಬಿದ್ದಾರೆ, ಕೆಲವರು ಅದನ್ನು ಮುಟ್ಟುವುದೇ ಇಲ್ಲ. ಈ ಸಲ ರೈಲಿನಲ್ಲಿ ಊರಿಗೆ ಹೋಗುವಾಗ ಬಿಡುವಿದ್ದರೆ ದೌಂಡದಲ್ಲಿ ಇಳಿದು ಪೇಟೆಯನ್ನು ಒಂದು ಸುತ್ತು ಹಾಕಿರಿ. ಬಿಡುವಿಲ್ಲದವರು ಒಂದು ನೋಟುಪುಸ್ತಕ ಕೊಂಡು ನಾಲ್ಕು ಅಂಕಣ ಗೀಟಿರಿ. ಅಷ್ಟು ಮಾಡಿದರೂ ಲಾಭವೇ.